ಕೊರತೆ ಶೇ 9, ಬೆಲೆ ನಾಲ್ಕು ಪಟ್ಟು: 1973ರ ತೈಲ ಬಿಕ್ಕಟ್ಟಿನ ಲೆಕ್ಕ ತಾಳೆಯಾಗುವುದು ಹೇಗೆ?

ನೇಸರು (ಪ್ರಶ್ನೆ)

ಅರಬ್-ಇಸ್ರೇಲ್ ಯುದ್ಧದ ಹೊತ್ತಿನಲ್ಲಿ ಬಂದ 1973ರ ತೈಲ ಬಿಕ್ಕಟ್ಟಿನ ಅಂಕಿಅಂಶಗಳನ್ನು ಸಾಲಾಗಿ ಬರೆದಿಟ್ಟು ನೋಡಿದರೆ ತಾಳೆಯಾಗುತ್ತಿಲ್ಲ. ಅರಬ್ ದೇಶಗಳ ಉತ್ಪಾದನೆ ಅಕ್ಟೋಬರ್ ಮೊದಲಲ್ಲಿ ದಿನಕ್ಕೆ 2.08 ಕೋಟಿ ಬ್ಯಾರೆಲ್ ಇತ್ತು, ಡಿಸೆಂಬರ್ ಹೊತ್ತಿಗೆ 1.58 ಕೋಟಿಗೆ ಇಳಿಯಿತು. ಬೇರೆಯವರು ಸುಮಾರು 6 ಲಕ್ಷ ಬ್ಯಾರೆಲ್ ಹೆಚ್ಚಿಗೆ ತೆಗೆದರು. ಅಲ್ಲಿಗೆ ನಿಜವಾದ ಕೊರತೆ 44 ಲಕ್ಷ. ಕಮ್ಯುನಿಸ್ಟ್ ದೇಶಗಳನ್ನು ಬಿಟ್ಟು ಉಳಿದ ಜಗತ್ತಿಗೆ ಸಿಗುತ್ತಿದ್ದದ್ದು 5.08 ಕೋಟಿ ಬ್ಯಾರೆಲ್. ಅಂದರೆ ಹೆಚ್ಚೆಂದರೆ ಶೇ 9ರ ಕೊರತೆ. ಅಷ್ಟಕ್ಕೆ 3.01 ಡಾಲರ್ ಇದ್ದ ಘೋಷಿತ ಬೆಲೆ 1974ರ ಜನವರಿ 1ಕ್ಕೆ 11.65 ಡಾಲರ್ ಆಯಿತು.

ನನಗಿರುವ ಪ್ರಶ್ನೆಗಳು ಇವು. ಇಷ್ಟು ಸಣ್ಣ ಕೊರತೆಗೆ ಬೆಲೆ ನಾಲ್ಕು ಪಟ್ಟು ಏಕೆ? ಅಮೆರಿಕ ತನಗೆ ಬೇಕಾದ್ದರಲ್ಲಿ ಬಹುಪಾಲನ್ನು ತಾನೇ ತೆಗೆಯುತ್ತಿತ್ತಲ್ಲ, ಹಾಗಿದ್ದರೂ ಪೆಟ್ರೋಲ್ ಬಂಕ್‌ಗಳ ಮುಂದೆ ಮೈಲುದ್ದದ ಸಾಲು ಅಲ್ಲೇ ಏಕೆ ಬೆಳೆಯಿತು? ಭಾರತದಲ್ಲಿ ಕಾರುಗಳೇ ಕಡಿಮೆ ಇದ್ದ ಕಾಲ ಅದು, ಹಾಗಾದರೆ 1974 ನಮ್ಮಲ್ಲಿ ಅಷ್ಟು ಕಷ್ಟದ ವರ್ಷವಾದದ್ದು ಯಾವ ದಾರಿಯಿಂದ? ಇವತ್ತು ಮಂಗಳೂರು, ಪಾದೂರಿನ ಭೂಗತ ತೈಲ ಸಂಗ್ರಹ ಇದೆ ಎನ್ನುತ್ತಾರೆ. ಅದರಿಂದ ಎಷ್ಟರ ಮಟ್ಟಿಗೆ ಭದ್ರತೆ?

"ಅರಬ್ಬರು ತೈಲ ನಿಲ್ಲಿಸಿದರು, ಅದಕ್ಕೇ ಆಯಿತು" ಎಂಬ ಒಂದು ಸಾಲಿನ ಉತ್ತರ ಎಲ್ಲೆಡೆ ಸಿಗುತ್ತದೆ. ಅದಕ್ಕಿಂತ ಒಳಗೆ ಹೋಗುವ ಉತ್ತರ ಬೇಕು.

---

ಪೀಪಾಯಿ

ಶೇ 9 ಎಂಬ ಸಂಖ್ಯೆಯ ಒಳಗೆ ಉತ್ತರ ಇಲ್ಲ. ಆ ಹೊತ್ತಿಗೆ ಬೇರೆ ಯಾರ ಹತ್ತಿರ ಎಷ್ಟು ಮಿಗುತಾಯ (ಬೇಕೆಂದಾಗ ಹೆಚ್ಚಿಗೆ ತೆಗೆಯಬಹುದಾದ ಸಾಮರ್ಥ್ಯ) ಇತ್ತು ಎನ್ನುವುದರಲ್ಲಿ ಇದೆ.

1967ರ ಜೂನ್‌ನ ಅರಬ್-ಇಸ್ರೇಲ್ ಯುದ್ಧದಲ್ಲೂ ಅರಬ್ ದೇಶಗಳು ತೈಲ ಮಾರಾಟದ ಮೇಲೆ ಇದೇ ನಿರ್ಬಂಧ ಹೇರಿದ್ದವು. ಅದು ಠುಸ್ಸಾಯಿತು. ಕಾರಣ, ಅಮೆರಿಕದಲ್ಲಿ ಬೇಕೆಂದೇ ಅರ್ಧ ಮುಚ್ಚಿಟ್ಟ ಬಾವಿಗಳಿದ್ದವು. ಟೆಕ್ಸಾಸ್ ರೈಲ್‌ರೋಡ್ ಕಮಿಷನ್ ಎಂಬ ಸಂಸ್ಥೆ (ಹೆಸರು ರೈಲಿನದು, ಕೆಲಸ ತೈಲದ್ದು) ಬೆಲೆ ಕುಸಿಯದಿರಲೆಂದು ಬಾವಿಗಳು ತಮ್ಮ ಸಾಮರ್ಥ್ಯದ ಶೇಕಡ ಎಷ್ಟು ತೆಗೆಯಬಹುದೆಂದು ತಿಂಗಳು ತಿಂಗಳು ನಿಗದಿ ಮಾಡುತ್ತಿತ್ತು. ಕೊರತೆ ಬಂದರೆ ಆ ಮಿತಿ ಸಡಿಲಿಸಿದರೆ ಸಾಕು, ಕೆಲವೇ ವಾರಗಳಲ್ಲಿ ತೈಲ ಬರುತ್ತಿತ್ತು. 1967ರಲ್ಲಿ ಹಾಗೆಯೇ ಸುಮಾರು 10 ಲಕ್ಷ ಬ್ಯಾರೆಲ್ ಹೊರಬಂತು.

1970ರಲ್ಲಿ ಅಮೆರಿಕದ ಉತ್ಪಾದನೆ ದಿನಕ್ಕೆ ಸುಮಾರು 96 ಲಕ್ಷ ಬ್ಯಾರೆಲ್ ಮುಟ್ಟಿ ಇಳಿಯಲು ಶುರುವಾಯಿತು. 1972ರ ಮಾರ್ಚ್‌ನಲ್ಲಿ ಕಮಿಷನ್ ಮಿತಿಯನ್ನು ಶೇ 100 ಮಾಡಿತು. ನನ್ನ ಲೆಕ್ಕದಲ್ಲಿ ಬಿಕ್ಕಟ್ಟು ಹುಟ್ಟಿದ ದಿನ ಅದೇ. ಆಪದ್ಧನದ ಡಬ್ಬಿ ಖಾಲಿ ಎಂದು ಅಂದೇ ಗೊತ್ತಾಯಿತು, ಆದರೆ ಆ ಸುದ್ದಿ ಓದಿದವರು ಕಡಿಮೆ. 1973ರ ಏಪ್ರಿಲ್‌ನಲ್ಲಿ ಅಮೆರಿಕ ಆಮದಿನ ಕೋಟಾ ಪದ್ಧತಿಯನ್ನೂ ತೆಗೆದುಹಾಕಿ ಜಗತ್ತಿನ ಮಾರುಕಟ್ಟೆಗೆ ಕೊಳ್ಳಲು ಬಂತು.

ಸಣ್ಣ ಪೆಟ್ಟಿಗೂ ಬೆಲೆ ಹೇಗೆ ಅಲುಗುತ್ತದೆಂಬ ಎಚ್ಚರಿಕೆ ಇನ್ನೂ ಮೊದಲೇ ಸಿಕ್ಕಿತ್ತು. 1970ರ ಮೇ ತಿಂಗಳಲ್ಲಿ ಸಿರಿಯಾದಲ್ಲಿ ಮಣ್ಣು ತೋಡುವ ಯಂತ್ರವೊಂದು ಸೌದಿಯಿಂದ ಮೆಡಿಟರೇನಿಯನ್ ಕಡಲಿಗೆ ಬರುವ ಟ್ಯಾಪ್‌ಲೈನ್ ಕೊಳವೆಯನ್ನು ಒಡೆಯಿತು. ದಿನಕ್ಕೆ 5 ಲಕ್ಷ ಬ್ಯಾರೆಲ್ ನಿಂತಿತು. ಸೂಯೆಜ್ ಕಾಲುವೆ 1967ರಿಂದಲೇ ಮುಚ್ಚಿತ್ತು, ಹಾಗಾಗಿ ಆ ತೈಲ ಆಫ್ರಿಕಾ ಖಂಡ ಸುತ್ತಿ ಬರಬೇಕಾಯಿತು. ಅಷ್ಟು ಟ್ಯಾಂಕರ್ ಹಡಗುಗಳಿರಲಿಲ್ಲ, ಬಾಡಿಗೆ ಗಗನಕ್ಕೇರಿತು. ಮೆಡಿಟರೇನಿಯನ್ನಿನ ಇತ್ತ ಪಕ್ಕದಲ್ಲೇ ಇದ್ದ ಲಿಬಿಯಾದ ತೈಲಕ್ಕೆ ಏಕಾಏಕಿ ಬೆಲೆ ಬಂತು. ಗದ್ದಾಫಿ ಸರ್ಕಾರ ಉತ್ಪಾದನೆ ಕತ್ತರಿಸಿ ಕಂಪನಿಗಳನ್ನು ಒಂದೊಂದಾಗಿ ಬಗ್ಗಿಸಿತು. ಆ ಸೆಪ್ಟೆಂಬರ್‌ನಲ್ಲಿ ಸಿಕ್ಕ 30 ಸೆಂಟ್ ಏರಿಕೆ ದೊಡ್ಡದಲ್ಲ. ಆದರೆ ಹಟ ಹಿಡಿದರೆ ಕಂಪನಿಗಳು ಕೊಡುತ್ತವೆ ಎಂಬುದು ಉಳಿದ ದೇಶಗಳಿಗೆ ಅಲ್ಲೇ ತಿಳಿಯಿತು.

ಇನ್ನು "ಘೋಷಿತ ಬೆಲೆ". ಇದು ಮಾರುಕಟ್ಟೆ ದರವಲ್ಲ. ಕಂಪನಿ ಆತಿಥೇಯ ದೇಶಕ್ಕೆ ಕೊಡುವ ತೆರಿಗೆ, ರಾಯಧನ ಲೆಕ್ಕ ಹಾಕಲು ಇಟ್ಟುಕೊಂಡ ಆಧಾರ ದರ. 1973ರ ಅಕ್ಟೋಬರ್ 16ರಂದು ಕೊಲ್ಲಿಯ ಆರು ದೇಶಗಳು ಅದನ್ನು ತಾವೇ 3.01ರಿಂದ 5.11ಕ್ಕೆ ಏರಿಸಿದವು. ಅಲ್ಲಿಯವರೆಗೆ ಕಂಪನಿಗಳ ಜೊತೆ ಕೂತು ಮಾತಾಡಿ ತೀರ್ಮಾನಿಸುವ ಪದ್ಧತಿ ಇತ್ತು. ಅಕ್ಟೋಬರ್ 17ಕ್ಕೆ ತಿಂಗಳಿಗೆ ಶೇ 5ರ ಉತ್ಪಾದನೆ ಕಡಿತ. 19ರಂದು ಅಮೆರಿಕದ ಅಧ್ಯಕ್ಷ ನಿಕ್ಸನ್ ಯುದ್ಧದಲ್ಲಿದ್ದ ಇಸ್ರೇಲಿಗೆ 220 ಕೋಟಿ ಡಾಲರ್ ನೆರವು ಕೇಳಿದ ಮೇಲೆ ಅಮೆರಿಕದ ಮೇಲೆ ಸೌದಿಯ ನಿರ್ಬಂಧ. ಬೆಲೆ, ಉತ್ಪಾದನೆ, ಯಾರಿಗೆ ಮಾರಬೇಕು ಎಂಬುದು, ಈ ಮೂರೂ ಬೇರೆ ಬೇರೆ ತೀರ್ಮಾನಗಳು. ಇವನ್ನು ಒಂದೇ ಗಂಟಿಗೆ ಕಟ್ಟಿದರೆ ಲೆಕ್ಕ ಕೈಗೆ ಸಿಗುವುದಿಲ್ಲ.

ಡಿಸೆಂಬರ್‌ನಲ್ಲಿ ಇರಾನ್ ಒಂದಿಷ್ಟು ತೈಲವನ್ನು ಹರಾಜಿಗಿಟ್ಟಿತು. ಬ್ಯಾರೆಲ್‌ಗೆ 17 ಡಾಲರ್ ದಾಟಿ ಕೂಗಿದರು. ನೈಜೀರಿಯಾದ ಹರಾಜಿನಲ್ಲಿ 22.60 ಡಾಲರ್ ಬಂತು. ಟೆಹರಾನ್‌ನಲ್ಲಿ ಕೊಲ್ಲಿಯ ತೈಲ ದೇಶಗಳ ಸಭೆಯಲ್ಲಿ 11.65 ನಿಗದಿಯಾದದ್ದು ಈ ಹರಾಜುಗಳ ಹಿನ್ನೆಲೆಯಲ್ಲಿ. ಸರ್ಕಾರದ ಪಾಲು 7 ಡಾಲರ್ ಬರಬೇಕು ಎಂದಿಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿದರೆ ಆಧಾರ ದರ 11.65 ಬರುತ್ತದೆ.

ಸರಿಪಡಿಸಬೇಕಾದ ಇನ್ನೊಂದು ಅಂಶ. 1971ರ ಆಗಸ್ಟ್‌ನಲ್ಲಿ ಡಾಲರ್‌ಗೂ ಚಿನ್ನಕ್ಕೂ ಇದ್ದ ನಂಟು ಕಡಿಯಿತು, ಡಾಲರ್ ಎರಡು ಸಲ ಅಪಮೌಲ್ಯವಾಯಿತು. ತೈಲ ಮಾರಿ ಡಾಲರ್ ಎಣಿಸುತ್ತಿದ್ದ ದೇಶಗಳಿಗೆ 3 ಡಾಲರ್ ಮೊದಲಿನ 3 ಡಾಲರ್ ಆಗಿ ಉಳಿದಿರಲಿಲ್ಲ. ಏರಿಕೆಯ ಸ್ವಲ್ಪ ಭಾಗ ಆ ನಷ್ಟ ತುಂಬಿಕೊಂಡದ್ದು.

---

ತಕ್ಕಡಿ

ಪೀಪಾಯಿ ಅವರು ಹೇಳಿದ್ದು ಬೆಲೆಯ ವಿಷಯಕ್ಕೆ ಸರಿ. ಸಾಲುಗಳ ವಿಷಯ ಬೇರೆ. ತೈಲದ ಕೊರತೆ ಯುರೋಪಿಗೂ ಜಪಾನಿಗೂ ತಟ್ಟಿತು. ಕಂಪನಿಗಳು ನಿರ್ಬಂಧ ಹೇರದ ದೇಶಗಳ ತೈಲವನ್ನು ಅಮೆರಿಕಕ್ಕೂ ಅದೇ ನಿರ್ಬಂಧಕ್ಕೆ ಒಳಗಾಗಿದ್ದ ನೆದರ್ಲೆಂಡ್ಸ್‌ಗೂ ತಿರುಗಿಸಿ ಹೊರೆಯನ್ನು ಎಲ್ಲರಿಗೂ ಹಂಚಿಬಿಟ್ಟಿದ್ದವು. ಹಾಗಾಗಿ "ನಿರ್ಬಂಧದಿಂದ ಅಮೆರಿಕದಲ್ಲಿ ಸಾಲು" ಎಂಬುದು ಅರ್ಧ ಸತ್ಯ. ಉಳಿದರ್ಧ ವಾಷಿಂಗ್ಟನ್‌ನಲ್ಲೇ ತಯಾರಾದದ್ದು.

1971ರ ಆಗಸ್ಟ್‌ನಿಂದ ಅಲ್ಲಿ ಬೆಲೆ ನಿಯಂತ್ರಣ ಇತ್ತು. 1973ರಲ್ಲಿ ತೈಲವನ್ನು "ಹಳೆಯದು", "ಹೊಸದು" ಎಂದು ಎರಡು ಮಾಡಿದರು. ಹಳೆಯ ಬಾವಿಯ ತೈಲಕ್ಕೆ ಬ್ಯಾರೆಲ್‌ಗೆ 5.25 ಡಾಲರ್ ಮಿತಿ, ಹೊಸದಕ್ಕೆ ಮಿತಿ ಇಲ್ಲ. ನವೆಂಬರ್‌ನ ಹಂಚಿಕೆ ಕಾಯ್ದೆ ಇದರ ಮೇಲೆ ಇನ್ನೊಂದು ಗಂಟು ಹಾಕಿತು: ಯಾವ ಊರಿಗೆ ಎಷ್ಟು ಪೆಟ್ರೋಲ್ ಎಂಬುದು 1972ರ ಬಳಕೆಯ ಪ್ರಕಾರ. ಜನ ಹೆದರಿ ದೂರದ ಪ್ರವಾಸ ಬಿಟ್ಟರು, ಊರಲ್ಲೇ ಓಡಾಡಿದರು. ಪ್ರವಾಸಿ ತಾಣದ ಬಂಕ್‌ಗಳಿಗೆ ಹಳೆಯ ಲೆಕ್ಕದ ಪಾಲು ಹೋಗುತ್ತಲೇ ಇತ್ತು, ನಗರದ ಬಂಕ್ ಮಧ್ಯಾಹ್ನಕ್ಕೇ ಖಾಲಿ. ಬೆಲೆ ಏರಲು ಬಿಟ್ಟಿದ್ದರೆ ಲಾರಿಗಳು ತಾವಾಗಿ ನಗರಕ್ಕೆ ತಿರುಗುತ್ತಿದ್ದವು. ಇಲ್ಲಿ ಕಡತ ತಿರುಗಬೇಕಿತ್ತು.

ಆಮೇಲೆ ಟ್ಯಾಂಕ್ ತುಂಬಿಸುವ ಭಯ. ಇದನ್ನು ಹತ್ತಿರದಿಂದ ನೋಡಬೇಕು. ಆಗ ಅಮೆರಿಕದಲ್ಲಿ ಸುಮಾರು 10 ಕೋಟಿ ಕಾರು. ಸಾಮಾನ್ಯ ದಿನಗಳಲ್ಲಿ ಕಾಲು ಟ್ಯಾಂಕ್‌ಗೆ ಬಂದಾಗ ಬಂಕಿಗೆ ಹೋಗುವವರು ಸಾಲು ಕಂಡು ಮುಕ್ಕಾಲು ಇರುವಾಗಲೇ ಹೋಗತೊಡಗುತ್ತಾರೆ. ಆ ಕಾಲದ ದೊಡ್ಡ ಕಾರಿನ ಟ್ಯಾಂಕ್ 20 ಗ್ಯಾಲನ್ ಎಂದಿಟ್ಟುಕೊಳ್ಳಿ. ಪ್ರತಿ ಕಾರಿನಲ್ಲಿ ಸರಾಸರಿ 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಹೆಚ್ಚಿಗೆ ನಿಂತರೂ ಒಟ್ಟು 50 ಕೋಟಿ ಗ್ಯಾಲನ್. ಬ್ಯಾರೆಲ್‌ಗೆ 42 ಗ್ಯಾಲನ್‌ನಂತೆ ಭಾಗಿಸಿದರೆ 1.19 ಕೋಟಿ ಬ್ಯಾರೆಲ್. ದೇಶಕ್ಕೆಲ್ಲ ಸುಮಾರು ಎರಡು ದಿನಕ್ಕೆ ಬೇಕಾದ ಪೆಟ್ರೋಲ್ ಬಂಕಿನ ನೆಲದಡಿಯ ಟ್ಯಾಂಕಿನಿಂದ ಎದ್ದು ಬೀದಿ ಬದಿಯ ಕಾರುಗಳೊಳಗೆ ಹೋಗಿ ಕೂತಿತು. ಒಂದು ಹನಿಯೂ ಸುಟ್ಟಿಲ್ಲ, ಆದರೂ ಬಂಕ್ ಒಣಗಿತು. ಅದನ್ನು ನೋಡಿ ಇನ್ನಷ್ಟು ಜನ ಸಾಲಿಗೆ ಬಂದರು. ಸಾಲಿನಲ್ಲಿ ಎಂಜಿನ್ ಓಡಿಸುತ್ತಾ ನಿಂತು ಸುಟ್ಟದ್ದು ಬೇರೆ.

ಸಮ-ಬೆಸ ನಂಬರಿನ ನಿಯಮಕ್ಕೆ (ಕಾರಿನ ನಂಬರ್ ಸಮವೋ ಬೆಸವೋ ನೋಡಿ ದಿನ ಬಿಟ್ಟು ದಿನ ಪೆಟ್ರೋಲ್ ಕೊಡುವುದು) ಇದೇ ಕಾರಣ. ಅದು ಬಳಕೆಯನ್ನು ಕಡಿಮೆ ಮಾಡುವುದಿಲ್ಲ, ಒಂದೇ ದಿನ ಬಂಕಿಗೆ ಬರುವವರನ್ನು ಅರ್ಧ ಮಾಡುತ್ತದೆ ಅಷ್ಟೆ. ಇದಕ್ಕಿಂತ ಕೆಲಸಕ್ಕೆ ಬರುವುದು "ಇಷ್ಟಕ್ಕಿಂತ ಕಡಿಮೆ ಹಾಕಿಸುವಂತಿಲ್ಲ" ಎಂಬ ಕನಿಷ್ಠ ಮಿತಿ. ಮುಕ್ಕಾಲು ಟ್ಯಾಂಕ್ ಇಟ್ಟುಕೊಂಡು ಬರುವವನನ್ನು ಅದು ಮನೆಯಲ್ಲೇ ನಿಲ್ಲಿಸುತ್ತದೆ. ತಲೆಗೆ ಇಷ್ಟೇ ಎಂಬ ಗರಿಷ್ಠ ಮಿತಿ ತದ್ವಿರುದ್ಧ. ಅದೇ ಮನುಷ್ಯ ವಾರಕ್ಕೆ ಮೂರು ಸಲ ಬರುತ್ತಾನೆ, ಸಾಲು ಇನ್ನೂ ಉದ್ದವಾಗುತ್ತದೆ. ಕೊರತೆ ಬಂದಾಗ ಯಾವ ಸರ್ಕಾರಕ್ಕಾದರೂ ಮೊದಲು ಹೊಳೆಯುವುದು ಗರಿಷ್ಠ ಮಿತಿಯೇ. ಇದು ನನಗೆ ನಿಜಕ್ಕೂ ಬೇಸರ ತರಿಸುವ ವಿಷಯ.

---

ನೇಸರು

ಇಬ್ಬರಿಗೂ ವಂದನೆ. ಹಾಗಾದರೆ 1979? ಆಗಿನ ಕೊರತೆ 1973ಕ್ಕಿಂತಲೂ ಚಿಕ್ಕದು. ಬೆಲೆ ಮಾತ್ರ ಎರಡೂವರೆ ಪಟ್ಟು. ಮಿಗುತಾಯದ ವಾದ ಅಲ್ಲಿ ನಿಲ್ಲುತ್ತದೆಯೇ? ಸೌದಿಯ ಬಳಿ ಮಿಗುತಾಯ ಇತ್ತಲ್ಲ.

---

ಪೀಪಾಯಿ

ನಿಲ್ಲುತ್ತದೆ, ಒಂದು ತಿದ್ದುಪಡಿಯೊಂದಿಗೆ. 1978ರ ಕೊನೆಗೆ ಇರಾನಿನ ತೈಲ ಕಾರ್ಮಿಕರ ಮುಷ್ಕರದಿಂದ ರಫ್ತು ಪೂರ್ತಿ ನಿಂತಿತು. ಸೌದಿ ಮತ್ತಿತರರು ಹೆಚ್ಚಿಗೆ ತೆಗೆದ ಮೇಲೆ ಉಳಿದ ನಿವ್ವಳ ಕೊರತೆ ದಿನಕ್ಕೆ ಸುಮಾರು 20 ಲಕ್ಷ ಬ್ಯಾರೆಲ್, ಶೇ 4-5. ಆದರೆ ಬೆಲೆ ಇನ್ನೂ ಏರಲಿದೆ ಎಂದು ಕಂಪನಿಗಳು, ಸಂಸ್ಕರಣಾಗಾರಗಳು, ಸರ್ಕಾರಗಳು ದಾಸ್ತಾನು ಕಟ್ಟಲು ಶುರುಮಾಡಿದವು. ಹಾಗೆ ಕೊಂಡು ಕೂಡಿಟ್ಟದ್ದೇ ದಿನಕ್ಕೆ ಸುಮಾರು 30 ಲಕ್ಷ ಬ್ಯಾರೆಲ್. ಕೊರತೆ 20, ಭಯದ ಬೇಡಿಕೆ 30. ತಕ್ಕಡಿಯವರು ಹೇಳಿದ ಕಾರಿನ ಟ್ಯಾಂಕಿನ ಕಥೆಯೇ ಹಡಗು, ಬಂದರುಗಳ ಅಳತೆಯಲ್ಲಿ ನಡೆಯಿತು.

ಎರಡನೆಯ ಕಾರಣ ತೈಲದ ಜಾತಿ. ಇರಾನಿನದು ಹಗುರದಿಂದ ಮಧ್ಯಮ ಗುಣದ ಕಚ್ಚಾತೈಲ. ಬದಲಿಗೆ ಸಿಕ್ಕದ್ದರಲ್ಲಿ ಭಾರದ್ದು ಹೆಚ್ಚು. ಭಾರದ ತೈಲ ಕಾಯಿಸಿದರೆ ಗೋಪುರದ ತಳದಲ್ಲಿ ಉಳಿಯುವ ಕುಲುಮೆ ಎಣ್ಣೆ ಜಾಸ್ತಿ, ಪೆಟ್ರೋಲ್ ಕಡಿಮೆ. ತಳದ ಎಣ್ಣೆಯನ್ನು ಒಡೆದು ಪೆಟ್ರೋಲ್ ಮಾಡುವ ಕ್ರ್ಯಾಕರ್ ಘಟಕ ಇಲ್ಲದ ಸಂಸ್ಕರಣಾಗಾರಕ್ಕೆ ಬ್ಯಾರೆಲ್ ಲೆಕ್ಕ ಸರಿಹೋದರೂ ಪೆಟ್ರೋಲ್ ಲೆಕ್ಕ ಸರಿಹೋಗುವುದಿಲ್ಲ. ಪತ್ರಿಕೆಗಳು ಬ್ಯಾರೆಲ್ ಎಣಿಸುತ್ತಿದ್ದಾಗ ಬಂಕಿನಲ್ಲಿ ಬೇರೆಯೇ ಕೊರತೆ ಇತ್ತು.

ಮಿಗುತಾಯದ ವಾದಕ್ಕೆ ಗಟ್ಟಿ ಸಾಕ್ಷಿ ಬೇಕೆಂದರೆ 1990 ನೋಡಿ. ಆಗಸ್ಟ್ 2ರಂದು ಇರಾಕ್ ಕುವೈತನ್ನು ನುಂಗಿತು. ಎರಡೂ ದೇಶಗಳ ತೈಲ ಸೇರಿ ದಿನಕ್ಕೆ 40 ಲಕ್ಷ ಬ್ಯಾರೆಲ್‌ಗೂ ಹೆಚ್ಚು ಮಾರುಕಟ್ಟೆಯಿಂದ ಮಾಯ, 1973ರಷ್ಟೇ. ಅಕ್ಟೋಬರ್‌ನಲ್ಲಿ ಬೆಲೆ 40 ಡಾಲರ್ ಮುಟ್ಟಿತು. ಆದರೆ ಸೌದಿ ಬಾವಿಗಳು ತೆರೆದವು. 1974ರ ನವೆಂಬರ್‌ನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಸದಸ್ಯರ ಬಳಿ 90 ದಿನದ ಆಮದಿನಷ್ಟು ದಾಸ್ತಾನಿತ್ತು. 1991ರ ಜನವರಿ 17ರಂದು ಇರಾಕ್ ಮೇಲೆ ಅಮೆರಿಕ ಮತ್ತು ಮಿತ್ರದೇಶಗಳ ದಾಳಿ ಶುರುವಾಗಿ ದಾಸ್ತಾನು ಬಿಡುಗಡೆಯೂ ಘೋಷಣೆಯಾದಾಗ ಒಂದೇ ದಿನದಲ್ಲಿ ಬೆಲೆ 10 ಡಾಲರ್‌ಗೂ ಹೆಚ್ಚು ಕುಸಿಯಿತು. ಅಷ್ಟೇ ದೊಡ್ಡ ಪೆಟ್ಟು ಆರು ತಿಂಗಳಲ್ಲಿ ಮಾಯಿತು.

---

ತಕ್ಕಡಿ

ಜಗತ್ತಿಗೆ ಮಾಯಿತು, ನಮಗೆ ಮಾಯಲಿಲ್ಲ. ನೇಸರು ಅವರ ಮೂರನೇ ಪ್ರಶ್ನೆ ಅಲ್ಲಿಗೇ ಬರುತ್ತದೆ.

1973ರಲ್ಲಿ ಭಾರತ ಬಳಸುತ್ತಿದ್ದ ತೈಲದ ಸುಮಾರು ಮೂರನೇ ಎರಡು ಭಾಗ ಹೊರಗಿನದು. ಕಾರುಗಳಿಗಲ್ಲ. ಸೀಮೆಎಣ್ಣೆ ಬುಡ್ಡಿ ಮತ್ತು ಸ್ಟವ್, ಲಾರಿ, ರೈಲಿನ ಡೀಸೆಲ್ ಎಂಜಿನ್, ಕಾರ್ಖಾನೆಯ ಕುಲುಮೆ, ನೀರಾವರಿ ಪಂಪ್, ಮತ್ತು ಬಹಳ ಜನ ಮರೆಯುವ ರಸಗೊಬ್ಬರ. ಒಂದು ಟನ್ ಯೂರಿಯಾಕ್ಕೆ ಸುಮಾರು 0.58 ಟನ್ ಅಮೋನಿಯಾ ಬೇಕು. ಅಮೋನಿಯಾಕ್ಕೆ ಬೇಕಾದ ಜಲಜನಕ ಆಗ ನಮ್ಮಲ್ಲಿ ಬರುತ್ತಿದ್ದದ್ದು ಹೆಚ್ಚಾಗಿ ನಾಫ್ತಾದಿಂದ, ಅಂದರೆ ಕಚ್ಚಾತೈಲದಿಂದಲೇ. ತೈಲದ ಬೆಲೆ ಏರಿದರೆ ಒಂದೇ ಋತುವಿನೊಳಗೆ ಗೊಬ್ಬರದ ಬೆಲೆ, ಮುಂದಿನ ಕೊಯ್ಲಿಗೆ ಅಕ್ಕಿ, ಗೋಧಿಯ ಬೆಲೆ. ಮಂಗಳೂರು ಪಣಂಬೂರಿನ ಗೊಬ್ಬರ ಕಾರ್ಖಾನೆ 1976ರಲ್ಲಿ ಶುರುವಾದದ್ದೂ ನಾಫ್ತಾ ಮೇಲೆಯೇ. ಅದಕ್ಕೆ ಕೊಳವೆ ಅನಿಲ ಸಿಗುವಂತಾದದ್ದು ಕೊಚ್ಚಿ-ಮಂಗಳೂರು ಪೈಪ್‌ಲೈನ್ ಬಂದ ಮೇಲೆ, ನಾಲ್ಕು ದಶಕ ದಾಟಿ.

1974-75ರಲ್ಲಿ ತೈಲ ಆಮದಿನ ಖರ್ಚು ಹಿಂದಿನ ವರ್ಷದ ದುಪ್ಪಟ್ಟಾಯಿತು, ಸಗಟು ಬೆಲೆಗಳು ಶೇ 25ರಷ್ಟು ಏರಿದವು. ಎಲ್ಲವೂ ತೈಲದಿಂದಲ್ಲ. ಮೊದಲೇ ಬರ ಬಿದ್ದು ದಾಸ್ತಾನು ಕರಗಿತ್ತು, ಅದರ ಮೇಲೆ ತೈಲ ಬಂದು ಕೂತಿತು. 1974ರ ಮೇ ತಿಂಗಳ ರೈಲ್ವೆ ಮುಷ್ಕರವನ್ನು ಈ ಬೆಲೆಏರಿಕೆ ಬಿಟ್ಟು ಅರ್ಥ ಮಾಡಿಕೊಳ್ಳಲಾಗದು.

ಒಳ್ಳೆಯ ಪರಿಣಾಮಗಳೂ ಇವೆ. 1974ರ ಫೆಬ್ರವರಿಯಲ್ಲಿ ಸಾಗರ್ ಸಮ್ರಾಟ್ ಎಂಬ ತೈಲ ಕೊರೆಯುವ ವೇದಿಕೆ ಮುಂಬೈ ಬಳಿಯ ಕಡಲಿನ ಬಾಂಬೆ ಹೈನಲ್ಲಿ ತೈಲ ಕಂಡಿತು, 1976ರ ಮೇ 21ಕ್ಕೆ ಉತ್ಪಾದನೆ ಆರಂಭ. ಕಂಡುಹಿಡಿದ ಎರಡೇ ವರ್ಷದಲ್ಲಿ ಕಡಲ ತೈಲ ದಡಕ್ಕೆ ಬಂದದ್ದು ಸಣ್ಣ ಕೆಲಸವಲ್ಲ. ಇನ್ನೊಂದು ಕಡೆ, ತೈಲದ ಹಣ ಹರಿದ ಕೊಲ್ಲಿ ದೇಶಗಳಲ್ಲಿ ರಸ್ತೆ, ಬಂದರು, ಆಸ್ಪತ್ರೆ ಕಟ್ಟುವ ಕೆಲಸ ಹುಟ್ಟಿತು. ಕೇರಳದ ಜೊತೆಗೆ ಮಂಗಳೂರು, ಉಡುಪಿ, ಭಟ್ಕಳದಿಂದಲೂ ಜನ ಹೋದರು. ಅವರು ಕಳಿಸಿದ ಹಣದಿಂದ ತೈಲದ ಬಿಲ್ಲಿನ ಒಂದು ಭಾಗ ತೀರಿತು.

1990ರಲ್ಲಿ ಅದೇ ನಂಟು ತಿರುಗಿಬಿತ್ತು. ಇರಾಕ್, ಕುವೈತ್ ಎರಡರಿಂದಲೂ ನಾವು ತೈಲ ತರುತ್ತಿದ್ದೆವು. ಬೆಲೆ ಏರಿತು, ಹಣ ಕಳಿಸುತ್ತಿದ್ದವರೇ ನಿರಾಶ್ರಿತರಾಗಿ ಮರಳಿದರು. ಆಗ ಸುಮಾರು 1.7 ಲಕ್ಷ ಜನರನ್ನು ವಿಮಾನದಲ್ಲಿ ಕರೆತರಲಾಯಿತು. ಮೊದಲೇ ಸಾಲ ಏರಿದ್ದ ಖಜಾನೆಯಲ್ಲಿ ಎರಡು-ಮೂರು ವಾರದ ಆಮದಿಗೆ ಸಾಲುವಷ್ಟೇ ವಿದೇಶಿ ಹಣ ಉಳಿಯಿತು. ವಿದೇಶಿ ಹಣ ಹೊಂದಿಸಲು 1991ರ ಮೇ ತಿಂಗಳಲ್ಲಿ 20 ಟನ್ ಚಿನ್ನ, ಜುಲೈನಲ್ಲಿ ಸುಮಾರು 47 ಟನ್ ಚಿನ್ನ ದೇಶದ ಹೊರಗೆ ಹೋಯಿತು. ತೈಲ ಬಿಕ್ಕಟ್ಟು ಬಡ ಆಮದುದಾರ ದೇಶಕ್ಕೆ ಬಂಕಿನ ಸಾಲಾಗಿ ಬರುವುದಿಲ್ಲ. ವಿದೇಶಿ ವಿನಿಮಯವಾಗಿ ಬರುತ್ತದೆ.

---

ಪಡುವಣ ತೀರ

ಮಂಗಳೂರು, ಪಾದೂರಿನ ಪ್ರಶ್ನೆಗೆ. ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ, ಒಟ್ಟು 53.3 ಲಕ್ಷ ಟನ್ ಕಚ್ಚಾತೈಲದ ಜಾಗ. ಅಂದರೆ ಮುಕ್ಕಾಲು ಪಾಲು ಕರ್ನಾಟಕದ ಕರಾವಳಿಯಲ್ಲಿದೆ. 2019-20ರ ಬಳಕೆಯ ಲೆಕ್ಕದಲ್ಲಿ ಇದು 9.5 ದಿನಕ್ಕೆ ಸಾಕು. ತೈಲ ಕಂಪನಿಗಳ ಟ್ಯಾಂಕುಗಳಲ್ಲಿ ಇನ್ನೂ 64.5 ದಿನದ್ದು ಇದೆ ಎಂದು ಸರ್ಕಾರದ ಲೆಕ್ಕ, ಒಟ್ಟು 74 ದಿನ.

ಗುಹೆ ಹೇಗೆ ತೈಲ ಹಿಡಿಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಗಟ್ಟಿ ಬಂಡೆಯೊಳಗೆ ಸಮುದ್ರಮಟ್ಟಕ್ಕಿಂತ ಕೆಳಗೆ ಸುಮಾರು 30 ಮೀಟರ್ ಎತ್ತರ, 20 ಮೀಟರ್ ಅಗಲದ ಉದ್ದನೆಯ ಸುರಂಗಗಳನ್ನು ಸಿಡಿಸಿ ತೆಗೆದಿದ್ದಾರೆ. ಒಳಗೆ ಉಕ್ಕಿನ ಹೊದಿಕೆ ಇಲ್ಲ, ಬರಿ ಬಂಡೆ. ಬಂಡೆಯಲ್ಲಿ ಬಿರುಕು ಇದ್ದೇ ಇರುತ್ತದೆ. ತೈಲ ಅಲ್ಲಿಂದ ಸೋರದಂತೆ ತಡೆಯುವುದು ನೀರು. ಗುಹೆಯ ಮೇಲ್ಭಾಗದಲ್ಲಿ ಸಣ್ಣ ಸುರಂಗ ಕೊರೆದು, ಅದರಿಂದ ಸಾಲಾಗಿ ರಂಧ್ರ ಹೊಡೆದು, ಸದಾ ಒತ್ತಡದಲ್ಲಿ ನೀರು ಬಿಟ್ಟಿರುತ್ತಾರೆ. ಇದೇ ನೀರಿನ ಪರದೆ. ಬಿರುಕುಗಳಲ್ಲಿನ ನೀರಿನ ಒತ್ತಡ ಒಳಗಿನ ತೈಲದ ಆವಿಯ ಒತ್ತಡಕ್ಕಿಂತ ಹೆಚ್ಚಿದ್ದರೆ ಹರಿವು ಯಾವಾಗಲೂ ಹೊರಗಿನಿಂದ ಒಳಕ್ಕೆ. ತೈಲ ಹೊರಗೆ ಹೋಗುವುದಿಲ್ಲ, ನೀರು ಒಳಗೆ ಜಿನುಗುತ್ತದೆ. ಜಿನುಗಿದ ನೀರು ತೈಲಕ್ಕಿಂತ ಭಾರ, ತಳದ ಗುಂಡಿಗೆ ಇಳಿಯುತ್ತದೆ, ಅಲ್ಲಿಂದ ಪಂಪ್ ಮಾಡಿ ಶುದ್ಧೀಕರಿಸಬೇಕು.

ಕೆಡುವುದು ಎಲ್ಲಿ? ಗುಹೆ ತೋಡುವಾಗಲೇ ನೀರಿನ ಪರದೆ ಚಾಲೂ ಇರಬೇಕು. ತಡ ಮಾಡಿದರೆ ಸುತ್ತಲಿನ ಬಂಡೆ ಒಣಗಿ ಬಿರುಕಿಗೆ ಗಾಳಿ ಸೇರುತ್ತದೆ, ಆಮೇಲೆ ಅದನ್ನು ಪೂರ್ತಿ ನೆನೆಸುವುದು ಬಹಳ ಕಷ್ಟ. ಜಿನುಗು ಮಿತಿ ಮೀರಿದರೆ ಎಣ್ಣೆಮಿಶ್ರಿತ ನೀರಿನ ಹೊರೆ ಹೆಚ್ಚುತ್ತದೆ, ಹಾಗಾಗಿ ಮುಂದಕ್ಕೆ ಸಿಡಿಸುವ ಮೊದಲೇ ಬಿರುಕಿಗೆ ಸಿಮೆಂಟ್ ತೂರಿಸುತ್ತಾ ಹೋಗುತ್ತಾರೆ. ಸುತ್ತಲಿನ ಅಂತರ್ಜಲ ಬಿದ್ದರೆ ಪರದೆಗೂ ತೊಂದರೆ. ಗುಹೆಯ ಆಸುಪಾಸಿನ ಬಾವಿಗಳ ನೀರಿನ ಮಟ್ಟವನ್ನು ತಪ್ಪದೆ ಅಳೆಯುತ್ತಲೇ ಇರಬೇಕಾದದ್ದು ಇದಕ್ಕೇ.

ಅಮೆರಿಕದ್ದು ಬೇರೆ ಬಗೆ. 1975ರ ಕಾಯ್ದೆಯಿಂದ ಹುಟ್ಟಿದ ಅವರ ಸಂಗ್ರಹ ಟೆಕ್ಸಾಸ್, ಲೂಸಿಯಾನಾಗಳ ಉಪ್ಪಿನ ಗುಡ್ಡೆಗಳೊಳಗಿದೆ. ಉಪ್ಪನ್ನು ನೀರಿನಲ್ಲಿ ಕರಗಿಸಿ ಪೊಳ್ಳು ಮಾಡುತ್ತಾರೆ. ಒಂದು ಬ್ಯಾರೆಲ್ ಜಾಗಕ್ಕೆ ಸುಮಾರು ಏಳು ಬ್ಯಾರೆಲ್ ನೀರು ಬೇಕು. ತೈಲ ತೆಗೆಯುವಾಗ ತಳಕ್ಕೆ ನೀರು ನುಗ್ಗಿಸಿ ಮೇಲಕ್ಕೆ ಎತ್ತುತ್ತಾರೆ. ಸಿಹಿನೀರಾದರೆ ಪ್ರತಿ ಸಲ ಇನ್ನಷ್ಟು ಉಪ್ಪು ಕರಗಿ ಗುಹೆ ಹಿಗ್ಗುತ್ತದೆ, ಹಾಗಾಗಿ ಪೂರ್ತಿ ಖಾಲಿ ಮಾಡುವ ಆಟ ಸುಮಾರು ಐದು ಸಲಕ್ಕೆ ಮುಗಿಯುತ್ತದೆ. ನಮ್ಮ ಬಂಡೆಗುಹೆಗೆ ಆ ಮಿತಿ ಇಲ್ಲ, ಆದರೆ ತೋಡುವ ಖರ್ಚು ಹೆಚ್ಚು.

ಈಗ 74 ದಿನದ ಲೆಕ್ಕ. ಅದರಲ್ಲಿ ಕಂಪನಿಗಳ 64.5 ದಿನವನ್ನು ಪೂರ್ತಿ ನಂಬಿ ಕೂರಬಾರದು. ಪೈಪ್‌ಲೈನ್ ಒಳಗೆ ತುಂಬಿಕೊಂಡಿರುವ ತೈಲ ಹೊರಬರಬೇಕಾದರೆ ಹಿಂದಿನಿಂದ ಬೇರೆ ತೈಲ ತಳ್ಳಬೇಕು. ಕಚ್ಚಾತೈಲದ ಟ್ಯಾಂಕುಗಳ ಚಾವಣಿ ತೈಲದ ಮೇಲೆ ತೇಲುವಂಥದ್ದು, ಆವಿ ಸೇರಲು ನಡುವೆ ಜಾಗ ಇರಬಾರದೆಂದು. ಮಟ್ಟ ಸುಮಾರು ಒಂದೂವರೆ-ಎರಡು ಮೀಟರ್‌ಗೆ ಇಳಿದರೆ ಚಾವಣಿ ತನ್ನ ಕಾಲುಗಳ ಮೇಲೆ ನಿಲ್ಲುತ್ತದೆ. ಅದಕ್ಕಿಂತ ಕೆಳಗೆ ತೆಗೆದರೆ ಚಾವಣಿಯಡಿ ಗಾಳಿ ನುಗ್ಗಿ, ಕಿಡಿ ತಗುಲಿದರೆ ಹೊತ್ತುವ ಮಿಶ್ರಣ ತಯಾರಾಗುತ್ತದೆ. ಆದ್ದರಿಂದ ಆ ತಳದ ತೈಲ ಕಾಗದದಲ್ಲಿ ದಾಸ್ತಾನು, ಕಷ್ಟಕಾಲಕ್ಕೆ ದಾಸ್ತಾನಲ್ಲ. ಗುಹೆಯ 9.5 ದಿನ ಚಿಕ್ಕದಾಗಿ ಕಂಡರೂ ಬಹುಪಾಲು ನಿಜವಾಗಿ ಹೊರಬರುವ ತೈಲ.

ತುಂಬುವ ಹೊತ್ತೂ ಮುಖ್ಯ. 2020ರ ಏಪ್ರಿಲ್-ಮೇ ತಿಂಗಳಲ್ಲಿ ಕೋವಿಡ್‌ನಿಂದ ಬೆಲೆ ನೆಲಕಚ್ಚಿದಾಗ ಬ್ಯಾರೆಲ್‌ಗೆ ಸರಾಸರಿ 19 ಡಾಲರ್‌ಗೆ ಕೊಂಡು ಮೂರೂ ಕಡೆ ತುಂಬಿದರು. ಸರಿಯಾದ ಕೆಲಸ. 2021ರಲ್ಲಿ ಒಪ್ಪಿಗೆ ಸಿಕ್ಕ ಎರಡನೇ ಹಂತದಲ್ಲಿ ಒಡಿಶಾದ ಚಾಂಡಿಖೋಲ್‌ಗೆ 40 ಲಕ್ಷ ಟನ್, ಪಾದೂರಿಗೆ ಇನ್ನೂ 25 ಲಕ್ಷ ಟನ್ ಸೇರಿದೆ. ಅದು ಬೇಗ ಆಗಬೇಕು.

---

ಜೋಗದಾರಿ

ತೈಲವಷ್ಟೇ ಮಾತಾಯಿತು. ಕರ್ನಾಟಕದ ಸ್ವಂತ ಇಂಧನ ಬಿಕ್ಕಟ್ಟು ತೈಲದ್ದಲ್ಲ, ನೀರಿನದು. ಲೆಕ್ಕ ಮಾತ್ರ ಅದೇ.

1985ರಲ್ಲಿ ರಾಯಚೂರಿನ ಮೊದಲ 210 ಮೆಗಾವಾಟ್ ಘಟಕ ಶುರುವಾಗುವವರೆಗೆ ರಾಜ್ಯದ ಕರೆಂಟ್ ಹೆಚ್ಚುಕಡಿಮೆ ಪೂರ್ತಿ ಜಲವಿದ್ಯುತ್. ನಮ್ಮ ಗುಹೆ, ನಮ್ಮ ಟ್ಯಾಂಕ್ ಎಲ್ಲ ಲಿಂಗನಮಕ್ಕಿಯೇ. ಶರಾವತಿಯಲ್ಲಿ ನೀರು ಸುಮಾರು 440 ಮೀಟರ್ ಕೆಳಗೆ ಧುಮುಕುತ್ತದೆ. ಒಂದು ಟಿಎಂಸಿ ಅಂದರೆ 2.83 ಕೋಟಿ ಘನ ಮೀಟರ್. ಯಂತ್ರದ ದಕ್ಷತೆ ಶೇ 88 ಎಂದು ಹಿಡಿದರೆ ಒಂದು ಟಿಎಂಸಿಗೆ ಸುಮಾರು 3 ಕೋಟಿ ಯೂನಿಟ್. ಶರಾವತಿ ಸ್ಥಾವರದ 1,035 ಮೆಗಾವಾಟ್ ಪೂರ್ತಿ ಓಡಿದರೆ ದಿನಕ್ಕೆ ಸುಮಾರು 2.5 ಕೋಟಿ ಯೂನಿಟ್. ಜೂನ್-ಜುಲೈ ಮಳೆ ಕೈಕೊಟ್ಟು 150 ಟಿಎಂಸಿಯ ಜಲಾಶಯ 100ಕ್ಕೆ ನಿಂತರೆ 150 ಕೋಟಿ ಯೂನಿಟ್ ಖೋತಾ ಎಂದು ಅಕ್ಟೋಬರ್‌ನಲ್ಲೇ ಬರೆದಿಡಬಹುದು. ಕತ್ತಲೆ ಬರುವುದು ಮಾರ್ಚ್‌ನಲ್ಲಿ. ಬರ ಬಿದ್ದ ವರ್ಷ ಆ ನಡುವಿನ ಐದು ತಿಂಗಳಲ್ಲಿ ನೀರನ್ನು ಅಳೆದು ಬಿಡುವುದೊಂದೇ ಉಪಾಯ.

ಕಲ್ಲಿದ್ದಲಿನಲ್ಲಿ ಆ ಐದು ತಿಂಗಳೂ ಸಿಗುವುದಿಲ್ಲ. 210 ಮೆಗಾವಾಟ್‌ನ ಒಂದು ಘಟಕ ಯೂನಿಟ್‌ಗೆ 0.7 ಕಿಲೋ ಸುಟ್ಟರೆ ದಿನಕ್ಕೆ 3,500 ಟನ್, ಹತ್ತಿರಹತ್ತಿರ ಒಂದು ರೈಲ್ವೆ ರೇಕ್, ಅಂದರೆ ಒಂದು ಇಡೀ ಗೂಡ್ಸ್ ರೈಲು. 2021ರ ಅಕ್ಟೋಬರ್ ಮೊದಲ ವಾರದಲ್ಲಿ ದೇಶದ ಉಷ್ಣಸ್ಥಾವರಗಳಲ್ಲಿ ಸರಾಸರಿ 4 ದಿನದ ಕಲ್ಲಿದ್ದಲು ಉಳಿದಿತ್ತು. ಬ್ರಿಟನ್‌ನಲ್ಲಿ 1947ರ ಫೆಬ್ರವರಿಯಲ್ಲಿ ಇದೇ ಆಯಿತು. ಗಣಿಯಲ್ಲಿ ಕಲ್ಲಿದ್ದಲಿತ್ತು, ಹಿಮ ಬಿದ್ದು ರೈಲು ನಿಂತಿತು, ಸ್ಥಾವರದ ಅಂಗಳದಲ್ಲಿ ರಾಶಿ ಮೊದಲೇ ಸಣ್ಣದಿತ್ತು. ಕಾರ್ಖಾನೆಗಳಿಗೆ ಕರೆಂಟ್ ನಿಲ್ಲಿಸಿದರು, ಮನೆಗಳಿಗೆ ಹಗಲು ಐದು ಗಂಟೆ ಕಡಿತ, 20 ಲಕ್ಷಕ್ಕೂ ಹೆಚ್ಚು ಜನ ಕೆಲಸವಿಲ್ಲದೆ ಕೂತರು.

ತಕ್ಕಡಿಯವರು ಹೇಳಿದ ಟ್ಯಾಂಕ್ ತುಂಬಿಸುವ ಭಯದ ನಮ್ಮ ಹಳ್ಳಿಯ ರೂಪ, ಕರೆಂಟ್ ಬಂದ ಕೂಡಲೇ ಪಂಪನ್ನು ತಾನೇ ಚಾಲೂ ಮಾಡುವ ಆಟೋ ಸ್ಟಾರ್ಟರ್. ಮೂರು ಫೇಸ್ ಕರೆಂಟ್ ಯಾವಾಗ ಬರುತ್ತದೋ ತಿಳಿಯದಿದ್ದಾಗ ರೈತ ಸ್ವಿಚ್ ಆಟೋದಲ್ಲಿ ಇಟ್ಟು ಹೋಗುತ್ತಾನೆ. ಅವನ ತಪ್ಪಲ್ಲ, ಬೆಳೆ ಒಣಗುತ್ತಿರುತ್ತದೆ. 63 ಕೆವಿಎ ಟಿಸಿಯ (ಟ್ರಾನ್ಸ್‌ಫಾರ್ಮರ್) ಮೇಲೆ 5 ಎಚ್‌ಪಿಯ ಹತ್ತು ಪಂಪ್‌ಸೆಟ್ ಇವೆ ಎನ್ನಿ. ಓಡುವಾಗ ಒಂದೊಂದು ಸುಮಾರು 7.5 ಆಂಪ್, ಒಟ್ಟು 75. ಟಿಸಿಯ ಸಾಮರ್ಥ್ಯ ಸುಮಾರು 84 ಆಂಪ್, ಸರಿಹೋಯಿತು. ಆದರೆ ಮೋಟರ್ ಶುರುವಾಗುವ ಕ್ಷಣ ಎಳೆಯುವುದು ಆರು ಪಟ್ಟು. ಕರೆಂಟ್ ಬಂದ ಕೂಡಲೇ ಹತ್ತೂ ಒಟ್ಟಿಗೇ ಎದ್ದರೆ 450 ಆಂಪ್. ವೋಲ್ಟೇಜ್ ಕುಸಿಯುತ್ತದೆ, ಕುಸಿದ ವೋಲ್ಟೇಜಿನಲ್ಲಿ ಮೋಟರ್ ವೇಗ ಹಿಡಿಯದೆ ಆ ಹೆಚ್ಚಿನ ಆಂಪ್ ಎಳೆಯುತ್ತಲೇ ಇರುತ್ತದೆ. ಫ್ಯೂಸ್ ಹಾರುತ್ತದೆ. ಪದೇ ಪದೇ ಹಾರುತ್ತದೆಂದು ದಪ್ಪ ತಂತಿ ಕಟ್ಟಿದ್ದರೆ ಟಿಸಿಯ ಸುರುಳಿಯೇ ಸುಡುತ್ತದೆ. ಆಮೇಲೆ ಕರೆಂಟ್ ಬಂದರೂ ವಾರಗಟ್ಟಲೆ ನೀರಿಲ್ಲ.

ಇದಕ್ಕೆ ಪರಿಹಾರ ದುಬಾರಿಯಲ್ಲ. ಪ್ರತಿ ಸ್ಟಾರ್ಟರ್‌ಗೆ ಟೈಮರ್ ಹಾಕಿ ಮೊದಲನೆಯದಕ್ಕೆ 10 ಸೆಕೆಂಡ್, ಎರಡನೆಯದಕ್ಕೆ 20, ಹೀಗೆ ಒಂದೊಂದಕ್ಕೂ ಬೇರೆ ಸಮಯ ಕೊಟ್ಟರೆ ಹತ್ತನೆಯ ಪಂಪ್ 100 ಸೆಕೆಂಡಿಗೆ ಎದ್ದಿರುತ್ತದೆ. ಒಂದೇ ಟಿಸಿಯ ಅಷ್ಟೂ ರೈತರು ಕೂತು ಸರದಿ ಗೊತ್ತುಮಾಡಿಕೊಳ್ಳಬೇಕು. ಒಬ್ಬರು ಹಾಕಿ ಒಂಬತ್ತು ಜನ ಬಿಟ್ಟರೆ ಪ್ರಯೋಜನವಿಲ್ಲ.